ಶನಿವಾರ ಪಿಚಿಂಗ್, ಸೋಮವಾರ ಗಣಿತ

ಅಮೆರಿಕದ ಕಾಲೇಜಲ್ಲಿ ನಾಲ್ಕು ವರ್ಷ ಬೇಸ್‌ಬಾಲ್ ಆಡಿದೆ ಅಂದ ಕೂಡಲೇ ನಮ್ಮವರು ಮೊದಲು ಕೇಳುವುದು, ಸ್ಕಾಲರ್‌ಶಿಪ್ ಎಷ್ಟು ಸಿಕ್ತು ಅಂತ. ಆಟಕ್ಕೆ ಅಂತ ಒಂದು ಡಾಲರ್ ಕೂಡ ಸಿಗಲಿಲ್ಲ. ನಾನು ಆಡಿದ್ದು ಡಿವಿಷನ್ ಮೂರರಲ್ಲಿ. ಅಲ್ಲಿ ಆಟಗಾರ ಅನ್ನುವ ಕಾರಣಕ್ಕೆ ಹಣ ಕೊಡುವಂತಿಲ್ಲ, ಅದು ನಿಯಮ. ಅಂಕ ನೋಡಿ, ಮನೆಯ ಆದಾಯ ನೋಡಿ ಕಾಲೇಜು ಎಲ್ಲರಿಗೂ ಕೊಡುವ ನೆರವು ಮಾತ್ರ ಸಿಗುತ್ತದೆ. ನನಗೆ ಸಿಕ್ಕಿದ್ದೂ ಅದೇ.

ಎರಡನೇ ಪ್ರಶ್ನೆ ಇನ್ನೂ ನೇರ. ದುಡ್ಡಿಲ್ಲ, ಟಿವಿಯಲ್ಲಿ ಬರಲ್ಲ, ಮೇಲಾಗಿ ಡಾಕ್ಟರ್ ಆಗಬೇಕು ಅಂತ ಓದುತ್ತಿರುವವನು. ಯಾಕೆ ಆಡಿದೆ? ಆಟ ಇಷ್ಟ ಇತ್ತು, ಅದಕ್ಕೇ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ, ಬೇಕು ಅಂತಲೂ ನನಗೆ ಅನ್ನಿಸಿಲ್ಲ.

ಮೂರನೇ ಪ್ರಶ್ನೆ ಕೇಳುವವರು ಹೈಸ್ಕೂಲ್ ಮಕ್ಕಳಿರುವ ಅಪ್ಪ ಅಮ್ಮಂದಿರು. ಆಟ, ಓದು, ಅದರ ಮೇಲೆ ಸಮಾಜಸೇವೆ ಬೇರೆ ಅಂತೀಯಲ್ಲ, ಇಷ್ಟೆಲ್ಲ ಹೇಗಪ್ಪಾ ಹೊಂದಿಸಿಕೊಂಡೆ? ಇದಕ್ಕೆ ಉತ್ತರ ಸ್ವಲ್ಪ ಉದ್ದ. ಹಬ್ಬದ ಊಟದ ಸಾಲಿನಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಡಿವಿಷನ್ ಅಂದರೇನು ಅಂತ ಹೇಳಿಬಿಡುತ್ತೇನೆ. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಹಂತಗಳಿವೆ. ಟಿವಿಯಲ್ಲಿ ನೋಡುವುದು ಡಿವಿಷನ್ ಒಂದು. ಅವರ ಸೀಸನ್ 56 ಪಂದ್ಯಗಳದ್ದು. ಕೊನೆಗೆ ಉಳಿದ ಎಂಟು ತಂಡಗಳು ನೆಬ್ರಾಸ್ಕಾದ ಒಮಾಹಾಕ್ಕೆ ಹೋಗುತ್ತವೆ. 1950ರಿಂದ ಕಾಲೇಜ್ ವರ್ಲ್ಡ್ ಸೀರೀಸ್ ನಡೆಯುವುದು ಅಲ್ಲೇ. ಅಲ್ಲಿನ ಆಟಗಾರರಿಗೆ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಅಭ್ಯಾಸ ಮಾಡಿಸಬಾರದು ಅಂತ ನಿಯಮ ಇದೆ. ಆದರೆ ಲೆಕ್ಕದ ಒಳಗೆ ಇಳಿದು ನೋಡಿ. ಪಂದ್ಯ ಎಷ್ಟೇ ಹೊತ್ತು ನಡೆದರೂ ಅದನ್ನು ಮೂರು ಗಂಟೆ ಅಂತ ಬರೆದುಕೊಳ್ಳುತ್ತಾರೆ. ಬಸ್ಸು, ವಿಮಾನದಲ್ಲಿ ಕಳೆದ ಸಮಯ, ಗಾಯಕ್ಕೆ ಚಿಕಿತ್ಸೆ ಪಡೆದ ಸಮಯ ಲೆಕ್ಕಕ್ಕೇ ಇಲ್ಲ. ಡಿವಿಷನ್ ಒಂದರಲ್ಲಿ ಆಡುವ ನನ್ನ ಹೈಸ್ಕೂಲ್ ಗೆಳೆಯರಿಗೆ ವಾರದ 20 ಗಂಟೆ ಅನ್ನುವುದು ಕಾಗದದ ಮೇಲಿನ ಮಾತು.

ಡಿವಿಷನ್ ಮೂರರಲ್ಲಿ 400ಕ್ಕೂ ಹೆಚ್ಚು ಕಾಲೇಜುಗಳಿವೆ. ಹೆಚ್ಚಿನವು ಚಿಕ್ಕ ಊರುಗಳ ಚಿಕ್ಕ ಕಾಲೇಜುಗಳು. ನಾನು ಓದಿದ್ದೂ ಓಹಾಯೋದ ಅಂಥದ್ದೇ ಒಂದರಲ್ಲಿ. ಇಲ್ಲಿ ಸೀಸನ್ ಚಿಕ್ಕದು, ವಾರಕ್ಕೆ ಒಂದು ದಿನ ಕಡ್ಡಾಯ ರಜೆ. ಆ ಒಂದು ದಿನದ ಬಗ್ಗೆ ಮುಂದೆ ಹೇಳುತ್ತೇನೆ, ನನ್ನ ಕಥೆಯಲ್ಲಿ ಅದಕ್ಕೆ ದೊಡ್ಡ ಜಾಗ ಇದೆ.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ. 2013ರಲ್ಲಿ ಅಪ್ಪನ ಕೆಲಸದ ಮೇಲೆ ಕೊಲಂಬಸ್ ಊರಿಗೆ ಬಂದೆವು. ಆಗ ನನಗೆ ಹತ್ತು ವರ್ಷ. ಊರಲ್ಲಿ ಹೈಸ್ಕೂಲ್ ಮೈದಾನದಲ್ಲಿ ಟೆನ್ನಿಸ್ ಬಾಲ್ ಕ್ರಿಕೆಟ್ ಆಡಿ ಬಂದವನು. ಇಲ್ಲಿ ಬೀದಿಯ ಹುಡುಗರೆಲ್ಲ ಆಡುತ್ತಿದ್ದದ್ದು ಬೇಸ್‌ಬಾಲ್, ನಾನೂ ಅವರ ಜೊತೆ ಸೇರಿಕೊಂಡೆ. ಕ್ಯಾಚ್ ಹಿಡಿಯುವುದು ಸುಲಭವಾಗಿ ಬಂತು. ಬರಿಗೈಯಲ್ಲಿ ಹಿಡಿದು ಅಭ್ಯಾಸ ಇದ್ದವನಿಗೆ ಗ್ಲೌಸ್ ಸಿಕ್ಕರೆ ಇನ್ನೇನು ಬೇಕು. ಕಷ್ಟವಾದದ್ದು ಎಸೆಯುವುದು. ಕ್ರಿಕೆಟ್‌ನಲ್ಲಿ ಮೊಣಕೈ ಬಗ್ಗಿಸಿ ಎಸೆಯಬಾರದು ಅಂತ ಅಣ್ಣಂದಿರು ಬೈದು ಬೈದು ಕಲಿಸಿರುತ್ತಾರೆ. ಇಲ್ಲಿ ಬ್ಯಾಟರ್‌ಗೆ ಚೆಂಡು ಎಸೆಯುವುದಕ್ಕೆ ಪಿಚಿಂಗ್ ಅಂತಾರೆ, ಎಸೆಯುವವನು ಪಿಚರ್. ಮೊಣಕೈ ಬಗ್ಗದೆ ಪಿಚಿಂಗ್ ಇಲ್ಲವೇ ಇಲ್ಲ. ಓಟ ಇಲ್ಲ, ನೆಲಕ್ಕೆ ತಾಗಿ ಏಳುವ ಚೆಂಡಿಲ್ಲ. ಹತ್ತು ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, 60 ಅಡಿ 6 ಇಂಚು ದೂರಕ್ಕೆ, ಬ್ಯಾಟರ್‌ನ ಮಂಡಿಯಿಂದ ಎದೆಯ ತನಕ ಇರುವ ಕಾಣದ ಚೌಕಟ್ಟಿನೊಳಗೆ ಚೆಂಡು ಹೋಗಬೇಕು. ಆ ನಿಖರತೆಯೇ ನನ್ನನ್ನು ಹಿಡಿದಿಟ್ಟುಕೊಂಡಿತು.

2019ರ ಜೂನ್‌ನಲ್ಲಿ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಮೊದಲ ವರ್ಷದ ಹುಡುಗ ಕುಮಾರ್ ರಾಕರ್, ಡ್ಯೂಕ್ ಯೂನಿವರ್ಸಿಟಿ ವಿರುದ್ಧ ಒಂದೂ ಹಿಟ್ ಕೊಡದೆ, ಅಂದರೆ ಚೆಂಡು ಹೊಡೆದು ಓಡಿ ಉಳಿಯಲು ಯಾರಿಗೂ ಬಿಡದೆ, 19 ಸ್ಟ್ರೈಕ್‌ಔಟ್ ಮಾಡಿದ. ಮೂರು ಸ್ಟ್ರೈಕ್ ಬಿದ್ದು ಬ್ಯಾಟರ್ ಔಟ್ ಆಗುವುದೇ ಸ್ಟ್ರೈಕ್‌ಔಟ್. ಅವನ ತಾಯಿಯ ಕಡೆಯವರು ಭಾರತದವರು. ಆ ರಾತ್ರಿ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಅಪ್ಪ ಕೂತು ಪೂರ್ತಿ ಪಂದ್ಯ ನೋಡಿದರು. ಟಿವಿಯಲ್ಲಿ ಮತ್ತೆ ಮತ್ತೆ ಕುಮಾರ್ ಅನ್ನುವ ಹೆಸರು ಕೇಳಿ ಅವರ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಕಾಲೇಜು ಆಯ್ಕೆಯ ಕಥೆ ಚಿಕ್ಕದು. ವಿಡಿಯೋ ಮಾಡಿ ಕೋಚ್‌ಗಳಿಗೆ ಇಮೇಲ್ ಕಳಿಸಬೇಕು, ಬೇಸಿಗೆಯ ಕ್ಯಾಂಪ್‌ಗಳಿಗೆ ಹೋಗಬೇಕು, ರೇಡಾರ್ ಗನ್ ಎದುರು ಎಸೆಯಬೇಕು. ನನ್ನ ವೇಗ ಗಂಟೆಗೆ 83 ಮೈಲಿ, ಅಂದರೆ ಸುಮಾರು 134 ಕಿಲೋಮೀಟರ್. ಡಿವಿಷನ್ ಒಂದರಲ್ಲಿ 90 ಮೈಲಿ ದಾಟುವವರು ಪ್ರತಿ ತಂಡದಲ್ಲೂ ಸಿಗುತ್ತಾರೆ. ಹಾಗಾಗಿ ನನ್ನ ಜಾಗ ಯಾವುದು ಅಂತ ಬೇಗ ಗೊತ್ತಾಯಿತು. ಜೀವಶಾಸ್ತ್ರ ಚೆನ್ನಾಗಿ ಕಲಿಸುವ, ಪಿಚರ್ ಬೇಕಾಗಿರುವ ಕಾಲೇಜು ಹುಡುಕಿದೆವು. ಸಿಕ್ಕಿತು.

2021ರ ಸೆಪ್ಟೆಂಬರ್. ಆ ತಿಂಗಳ 15ನೇ ತಾರೀಕು ಬೇಸ್‌ಬಾಲ್ ಜಗತ್ತಿನಲ್ಲಿ ರಾಬರ್ಟೊ ಕ್ಲೆಮೆಂಟೆ ದಿನ. ಅವತ್ತು ಕೋಚ್ ನಮ್ಮನ್ನೆಲ್ಲ ಕೂರಿಸಿಕೊಂಡು ಆತನ ಕಥೆ ಹೇಳಿದರು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ದೊಡ್ಡ ಆಟಗಾರ, ಪೋರ್ಟೊ ರಿಕೊದವರು. 1972ರ ಸೀಸನ್ ಮುಗಿದಾಗ ಅವರ ಹೆಸರಲ್ಲಿ ಸರಿಯಾಗಿ 3000 ಹಿಟ್‌ಗಳಿದ್ದವು. ಆ ಡಿಸೆಂಬರ್‌ನಲ್ಲಿ ನಿಕರಾಗುವಾದಲ್ಲಿ ಭೂಕಂಪ ಆಯಿತು. ಪರಿಹಾರದ ಸಾಮಾನು ತುಂಬಿದ ವಿಮಾನದಲ್ಲಿ ಡಿಸೆಂಬರ್ 31ರಂದು ತಾವೇ ಹೊರಟರು. ವಿಮಾನ ಸಮುದ್ರಕ್ಕೆ ಬಿತ್ತು. ಸಾಮಾನು ಕಳಿಸಿ ಮನೆಯಲ್ಲಿ ಕೂರಬಹುದಿತ್ತು, ಅಲ್ವಾ? ಮೊದಲು ಕಳಿಸಿದ ಸಾಮಾನು ಜನರಿಗೆ ತಲುಪುತ್ತಿಲ್ಲ ಅಂತ ಗೊತ್ತಾಗಿ, ತಾನೇ ಹೋಗಿ ನಿಂತರೆ ತಲುಪುತ್ತದೆ ಅಂತ ಹೊರಟವರು ಅವರು. ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಸಮಾಜಸೇವೆಗೆ ಕೊಡುವ ಪ್ರಶಸ್ತಿಗೆ ಅವರದೇ ಹೆಸರಿದೆ.

ನಮ್ಮ ತಂಡದಲ್ಲಿ ಸೇವೆ ಅಂದರೆ ಅಲ್ಲಿಯ ತನಕ ವರ್ಷಕ್ಕೆ ಇಷ್ಟು ಗಂಟೆ ಅನ್ನುವ ಲೆಕ್ಕ. ಒಂದು ಶನಿವಾರ ವಯಸ್ಸಾದವರ ಮನೆಯಂಗಳದ ಎಲೆ ಗುಡಿಸುವುದು, ಒಂದು ಸಂಜೆ ಆಹಾರ ಹಂಚುವ ಕಡೆ ಡಬ್ಬಿ ಜೋಡಿಸುವುದು. ಒಳ್ಳೆಯ ಕೆಲಸಗಳೇ. ಅಜ್ಜ ಅಜ್ಜಿಯರ ಅಂಗಳ ನಿಜವಾಗಿ ಸ್ವಚ್ಛ ಆಗುತ್ತಿತ್ತು. ಆದರೆ ಅವರನ್ನು ನಾವು ಮತ್ತೆ ನೋಡುತ್ತಿರಲಿಲ್ಲ.

ಮಿರಾಕಲ್ ಲೀಗ್ ಬೇರೆ ರೀತಿಯದು. ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಮಾಡಿದ ಬೇಸ್‌ಬಾಲ್ ಲೀಗ್ ಅದು. ಜಾರ್ಜಿಯಾ ರಾಜ್ಯದ ಕಾನ್ಯರ್ಸ್‌ನಲ್ಲಿ ಶುರುವಾಯಿತು. ಮಾಮೂಲಿ ಮೈದಾನದ ಮಣ್ಣು, ಹುಲ್ಲು, ಓಡುವವರು ಮುಟ್ಟಬೇಕಾದ, ಎದ್ದುನಿಂತ ಬೇಸ್‌ಗಳಲ್ಲಿ ಗಾಲಿಕುರ್ಚಿ, ವಾಕರ್ ಸಿಕ್ಕಿಹಾಕಿಕೊಳ್ಳುತ್ತವೆ. ಅದಕ್ಕೆ ಇಡೀ ಮೈದಾನಕ್ಕೆ ರಬ್ಬರ್ ಹಾಸಿರುತ್ತಾರೆ. ಬೇಸ್‌ಗಳನ್ನು ನೆಲದ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಅಂಥ ಮೊದಲ ಮೈದಾನ ತೆರೆದದ್ದು 2000ದಲ್ಲಿ. ಪ್ರತಿ ಇನ್ನಿಂಗ್ಸ್‌ನಲ್ಲೂ ಎಲ್ಲ ಮಕ್ಕಳೂ ಬ್ಯಾಟ್ ಮಾಡುತ್ತಾರೆ, ಎಲ್ಲರೂ ರನ್ ಗಳಿಸುತ್ತಾರೆ, ಯಾರೂ ಔಟ್ ಇಲ್ಲ. ಪ್ರತಿ ಮಗುವಿನ ಜೊತೆಗೆ ಒಬ್ಬ ಜೊತೆಗಾರ ಇರುತ್ತಾನೆ, ಅವನನ್ನು ಇಂಗ್ಲಿಷ್‌ನಲ್ಲಿ ಬಡ್ಡಿ ಅಂತಾರೆ. ನಮ್ಮ ಕಾಲೇಜಿಂದ ಅರ್ಧ ಗಂಟೆ ದೂರದಲ್ಲಿ ಅಂಥದ್ದೊಂದು ಮೈದಾನ ಇತ್ತು. ಸೆಪ್ಟೆಂಬರ್, ಅಕ್ಟೋಬರ್ ಶನಿವಾರಗಳಲ್ಲಿ ನಮ್ಮ ತಂಡದವರೇ ಅಲ್ಲಿ ಬಡ್ಡಿಗಳು.

ಮೊದಲು ಅದೂ ಪಾಳಿಯ ಮೇಲೆ ನಡೆಯುತ್ತಿತ್ತು. ಈ ವಾರ ನಾಲ್ಕು ಜನ, ಮುಂದಿನ ವಾರ ಬೇರೆ ನಾಲ್ಕು ಜನ. ನನಗೆ ಸಿಕ್ಕಿದ ಹುಡುಗ ಎಂಟು ವರ್ಷದವನು, ವಾಕರ್ ಹಿಡಿದು ನಡೆಯುತ್ತಿದ್ದ. ಸೆಕೆಂಡ್ ಬೇಸ್ ಹತ್ತಿರ ಬಂದಾಗ ನಿಂತು, ಬಗ್ಗಿ, ಆ ಬಣ್ಣದ ಚೌಕವನ್ನು ಕೈಯಿಂದ ಮುಟ್ಟಲೇಬೇಕು ಅವನಿಗೆ. ಬಗ್ಗುವುದಕ್ಕೆ ಅವನಿಗೆ ಹೊತ್ತು ಹಿಡಿಯುತ್ತಿತ್ತು. ಕಾಯುವುದೇ ನನ್ನ ಕೆಲಸ. ಆಟ ಮುಗಿದ ಮೇಲೆ ಕೇಳಿದ: ಮುಂದಿನ ವಾರ ನೀನೇ ಬರ್ತೀಯಾ? ಅವನಮ್ಮ ಪಕ್ಕದಲ್ಲೇ ಇದ್ದರು. ಪ್ರತಿ ವಾರ ಹೊಸಬರಿಗೆ ಇವನ ಕಾಲಿನ ಬಗ್ಗೆ, ಮಾತಿನ ಬಗ್ಗೆ ಮೊದಲಿಂದ ಹೇಳಬೇಕಾಗುತ್ತದೆ ಅಂದರು. ದೂರಿನ ದನಿಯೇ ಇರಲಿಲ್ಲ ಅದರಲ್ಲಿ.

ನಾನು ಮತ್ತು ಇನ್ನೊಬ್ಬ ಮೊದಲ ವರ್ಷದ ಪಿಚರ್ ಕೋಚ್ ಹತ್ತಿರ ಹೋಗಿ ಪಾಳಿ ಬೇಡ ಅಂದೆವು. ಒಂದು ಮಗುವಿಗೆ ಒಬ್ಬನೇ ಬಡ್ಡಿ, ಸೀಸನ್ ಪೂರ್ತಿ. ಬರುವುದಕ್ಕೆ ಆಗುವವರು ಮಾತ್ರ ಒಪ್ಪಿಕೊಳ್ಳಲಿ, ಒಪ್ಪಿಕೊಂಡ ಮೇಲೆ ತಪ್ಪಿಸುವ ಹಾಗಿಲ್ಲ. ಕೋಚ್ ತಕ್ಷಣ ಒಪ್ಪಿದರು. ಮುಂದಿನ ಸೆಪ್ಟೆಂಬರ್‌ನಲ್ಲಿ ಕಾರಿಂದ ಇಳಿಯುವ ಮೊದಲೇ ಆ ಹುಡುಗ ನನ್ನ ಹೆಸರು ಕೂಗಿದ. ಕೂಗಿದ್ದು ಅವನದೇ ಉಚ್ಚಾರದಲ್ಲಿ. ನನ್ನ ಹೆಸರನ್ನು ಅಷ್ಟು ಪ್ರೀತಿಯಿಂದ ತಪ್ಪಾಗಿ ಕರೆದವರು ಈ ದೇಶದಲ್ಲಿ ಬೇರೆ ಯಾರೂ ಇಲ್ಲ.

ಅಲ್ಲಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಮ್ಮಜ್ಜನ ಗದ್ದೆ ಭದ್ರಾ ನಾಲೆಯ ಕೊನೆಯ ಭಾಗದಲ್ಲಿತ್ತು. ನೀರು ಬರುವುದು ಸರದಿಯ ಮೇಲೆ. ಸರದಿ ನಡುರಾತ್ರಿಗೆ ಬಂದರೂ ಎದ್ದು ಹೋಗಿ ನಿಲ್ಲಬೇಕು, ಬಿಡುವಾದಾಗ ಹಾಯಿಸಿಕೊಳ್ಳುತ್ತೇನೆ ಅಂದರೆ ನೀರು ಮುಂದೆ ಹೋಗಿರುತ್ತದೆ. ಕಾಲೇಜಿನ ವಾರವೂ ಹಾಗೇ ಅಂತ ತಿಳಿಯಿತು. ಬಿಡುವು ಅನ್ನುವುದು ಇಲ್ಲವೇ ಇಲ್ಲ. ಯಾವುದಕ್ಕೆ ದಿನ, ಗಂಟೆ ಮೊದಲೇ ಬರೆದಿಟ್ಟಿದೆಯೋ ಅದು ನಡೆಯುತ್ತದೆ. ಬರೆದಿಡದೆ ಇದ್ದದ್ದು ನಡೆಯುವುದಿಲ್ಲ, ಅದು ಎಷ್ಟೇ ಮುಖ್ಯ ಆಗಿರಲಿ.

ಬರೆದಿಡುವುದು ಎಲ್ಲಿಂದ ಶುರು ಮಾಡಬೇಕು? ನನ್ನ ಮಟ್ಟಿಗೆ ಭುಜ ಮತ್ತು ಮೊಣಕೈಯಿಂದ. ಪಿಚರ್‌ಗೆ ಒಂದು ಅನುಕೂಲ ಇದೆ. ಬೇರೆ ಆಟಗಾರರು ದಿನಾ ಆಡುತ್ತಾರೆ. ಸ್ಟಾರ್ಟಿಂಗ್ ಪಿಚರ್, ಅಂದರೆ ಪಂದ್ಯದ ಶುರುವಿನಿಂದ ಎಸೆಯುವವನು, ವಾರಕ್ಕೆ ಒಮ್ಮೆ. ಎರಡನೇ ವರ್ಷದಿಂದ ನನ್ನ ದಿನ ಶನಿವಾರ. ಶನಿವಾರ 90 ಪಿಚ್‌ಗಳ ಹತ್ತಿರ ಎಸೆಯುತ್ತೇನೆ. ಭಾನುವಾರ ನಿಧಾನ ಓಟ, ಆಮೇಲೆ ಬೆಂಚಲ್ಲಿ ಕೂತು ಇನ್ನೊಬ್ಬ ಪಿಚರ್‌ನ ಪ್ರತಿ ಚೆಂಡನ್ನೂ ಚಾರ್ಟ್‌ನಲ್ಲಿ ಬರೆಯುವುದು. ಸೋಮವಾರ ರಜೆ. ಮಂಗಳವಾರ ಕಾಲಿಗೆ ಕಸರತ್ತು, ದೂರಕ್ಕೆ ಎಸೆಯುವ ಲಾಂಗ್ ಟಾಸ್. ಬುಧವಾರ ಬುಲ್‌ಪೆನ್, ಅಂದರೆ ಅಭ್ಯಾಸದ ದಿಬ್ಬದಿಂದ 25ರಿಂದ 30 ಪಿಚ್. ಗುರುವಾರ ತೀರಾ ಹಗುರ. ಶುಕ್ರವಾರ ಕೈಗೆ ವಿಶ್ರಾಂತಿ, ಬಸ್ಸು. ಇದು ಬದಲಾಗುವುದಿಲ್ಲ. ಮೊಣಕೈಯ ಒಳಬದಿಯಲ್ಲಿ ಬೆರಳಗಲದ ಲಿಗಮೆಂಟ್ ಒಂದಿದೆ. ಅದರ ತಾಳ್ಮೆಗೆ ಮಿತಿ ಇದೆ.

ಆ ಲಿಗಮೆಂಟ್ ಹರಿದರೆ ಒಂದು ಕಾಲದಲ್ಲಿ ಪಿಚರ್‌ನ ಕಥೆ ಮುಗಿದ ಹಾಗೆ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಟಾಮಿ ಜಾನ್ ಎಂಬ ಪಿಚರ್‌ನ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಇಲ್ಲಿ ಕೂರಿಸಿದರು. 1976ರಲ್ಲಿ ಟಾಮಿ ಜಾನ್ ಮತ್ತೆ ಪಿಚ್ ಮಾಡಿದರು. ಅವರ 288 ಗೆಲುವುಗಳಲ್ಲಿ 164 ಬಂದದ್ದು ಆಪರೇಷನ್ ಆದ ಮೇಲೆ. ಅಂಗರಚನೆಯ ತರಗತಿಯಲ್ಲಿ ಮೊಣಕೈ ಪಾಠ ಬಂದ ದಿನ ಈ ಕಥೆಯನ್ನು ನಾನು ಎದ್ದು ನಿಂತು ಎಲ್ಲರಿಗೂ ಹೇಳಿದ್ದೆ. ಆಟ ಮತ್ತು ಓದು ಒಂದಕ್ಕೊಂದು ಅಡ್ಡ ಅನ್ನುವವರು ಇಂಥ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಡ್ಡ ಬಂದದ್ದು ಇಲ್ಲ ಅಂತಲ್ಲ. ಬಂತು, ಲ್ಯಾಬ್ ರೂಪದಲ್ಲಿ. ವಿಜ್ಞಾನ ಓದುವ ಕ್ರೀಡಾಪಟುಗಳಿಗೆಲ್ಲ ಗೊತ್ತಿರುವ ಸಮಸ್ಯೆ ಇದು. ತರಗತಿಗಳು ಬೆಳಗ್ಗೆ ಮುಗಿಯುತ್ತವೆ, ಅಭ್ಯಾಸ ಮಧ್ಯಾಹ್ನ. ಆದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್ ಕೂಡ ಮಧ್ಯಾಹ್ನವೇ, ಮೂರು ನಾಲ್ಕು ಗಂಟೆ. ಕುದಿಯುತ್ತಿರುವ ಫ್ಲಾಸ್ಕ್ ಬಿಟ್ಟು ಮೈದಾನಕ್ಕೆ ಓಡುವ ಹಾಗಿಲ್ಲ. ಅಲ್ಲೇ ನನ್ನ ಕೈಯ ವೇಳಾಪಟ್ಟಿ ಸಹಾಯಕ್ಕೆ ಬಂತು. ಗುರುವಾರ ಹೇಗೂ ಹಗುರ. ಹಾಗಾಗಿ ನಾಲ್ಕು ವರ್ಷವೂ ಸಾಧ್ಯವಾದ ಕಡೆಯೆಲ್ಲ ಲ್ಯಾಬನ್ನು ಗುರುವಾರಕ್ಕೇ ಹಾಕಿಸಿಕೊಂಡೆ. ರಿಜಿಸ್ಟ್ರೇಷನ್ ತೆರೆಯುವ ಬೆಳಗ್ಗೆ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದೆ. ಸೆಮಿಸ್ಟರ್‌ನ ಮೊದಲ ವಾರವೇ ಪ್ರತಿ ಪ್ರೊಫೆಸರ್‌ಗೂ ಪ್ರಯಾಣದ ದಿನಗಳ ಪಟ್ಟಿ ಕೊಟ್ಟು, ಈ ದಿನ ನಾನು ಇರುವುದಿಲ್ಲ, ಪರೀಕ್ಷೆ ಮೊದಲೇ ಬರೆಯಲಾ ಅಂತ ಕೇಳುತ್ತಿದ್ದೆ. ಆಮೇಲೆ ಬರೆಯುತ್ತೇನೆ ಅಂತ ಯಾವತ್ತೂ ಕೇಳಲಿಲ್ಲ. ಮೊದಲೇ ಬರೆಯಲಾ ಅಂತ ಕೇಳಿದಾಗ ಇಲ್ಲ ಅಂದವರು ಒಬ್ಬರೂ ಇಲ್ಲ.

ಓಹಾಯೋದಲ್ಲಿ ಜನವರಿಯಲ್ಲಿ ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಅಭ್ಯಾಸ ಒಳಾಂಗಣದಲ್ಲಿ. ಅದೇ ಜಾಗ ಬಾಸ್ಕೆಟ್‌ಬಾಲ್ ತಂಡಗಳಿಗೂ ಬೇಕು, ಓಟಗಾರರಿಗೂ ಬೇಕು. ನಮ್ಮ ಸರದಿ ಬೆಳಗ್ಗೆ ಐದೂವರೆಗೆ. ಎಂಟು ಗಂಟೆಗೆ ತರಗತಿ. ಈ ಎರಡು ತಿಂಗಳು ನನಗೆ ತೀರಾ ಕಷ್ಟದವು. ನಿದ್ದೆಯ ಬಗ್ಗೆ ನಾನು ಕಟ್ಟುನಿಟ್ಟಾದದ್ದು ಆಗಲೇ. ರಾತ್ರಿ ಹತ್ತಕ್ಕೆ ಫೋನ್ ಇನ್ನೊಂದು ಕೋಣೆಯಲ್ಲಿ. ಹಾಸ್ಟೆಲ್‌ನಲ್ಲಿ ಹತ್ತಕ್ಕೆ ಮಲಗುವುದು ಅಂದರೆ ಗೆಳೆಯರ ಹರಟೆ, ಸಿನಿಮಾ, ಹುಟ್ಟುಹಬ್ಬ ಎಲ್ಲದಕ್ಕೂ ಇಲ್ಲ ಅನ್ನುವುದು. ಆಟ, ಓದು, ಸೇವೆ ಮೂರನ್ನೂ ಉಳಿಸಿಕೊಳ್ಳಬಹುದು. ನಾಲ್ಕನೆಯದು ಹೋಗುತ್ತದೆ. ನನ್ನ ವಿಷಯದಲ್ಲಿ ಹೋದದ್ದು ಈ ಸಂಜೆಗಳು. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು ಅಂತ ನನಗೆ ಅನ್ನಿಸುತ್ತದೆ.

ಮಾರ್ಚ್‌ನಲ್ಲಿ ಉತ್ತರದ ತಂಡಗಳೆಲ್ಲ ಬಿಸಿಲು ಹುಡುಕಿಕೊಂಡು ಫ್ಲೋರಿಡಾಕ್ಕೆ ಹೋಗುತ್ತವೆ. ವಸಂತ ರಜೆಯ ವಾರದಲ್ಲಿ ಅಲ್ಲಿ ದಿನಾ ಪಂದ್ಯ. ಒಂದು ವರ್ಷ ಪ್ರಯಾಣದ ದಿನವೇ ಜೆನೆಟಿಕ್ಸ್ ಪರೀಕ್ಷೆ ಬಿತ್ತು. ಪ್ರೊಫೆಸರ್ ಪ್ರಶ್ನೆಪತ್ರಿಕೆಯನ್ನು ಲಕೋಟೆಯಲ್ಲಿ ಹಾಕಿ ಸಹಾಯಕ ಕೋಚ್‌ಗೆ ಕೊಟ್ಟರು. ಹೋಟೆಲಿನ ತಿಂಡಿ ಕೊಡುವ ಹಾಲ್‌ನಲ್ಲಿ, ಎಲ್ಲರೂ ಎದ್ದು ಹೋದ ಮೇಲೆ, ಅವರು ಎದುರು ಕೂತು ಗಡಿಯಾರ ನೋಡುತ್ತಿದ್ದರು, ನಾನು ಬರೆದೆ.

ಬಸ್ಸಿನಲ್ಲಿ ಓದುವುದಕ್ಕೆ ಅಭ್ಯಾಸ ಬೇಕು. ಇಂಟರ್ನೆಟ್ ನಂಬುವ ಹಾಗಿಲ್ಲ, ಎಲ್ಲ ಮೊದಲೇ ಇಳಿಸಿಕೊಂಡಿರಬೇಕು. ಹೋಗುವಾಗ ಕಂಠಪಾಠ ಮಾಡುವಂಥದ್ದು, ಬರುವಾಗ ಸುಮ್ನೆ ಕೇಳುವಂಥದ್ದು. ಸೋತ ದಿನ ಬರುವಾಗ ಏನೂ ತಲೆಗೆ ಹೋಗುವುದಿಲ್ಲ, ಆಗ ಮಲಗಿಬಿಡುವುದೇ ಸರಿ. ಊಟದ್ದೂ ಒಂದು ಮಾತು. ನಮ್ಮದು ಸಸ್ಯಾಹಾರಿ ಮನೆ. ತಂಡದ ಬಸ್ಸು ನಿಲ್ಲುವ ಕಡೆಯೆಲ್ಲ ಬರ್ಗರ್. ಬೀನ್ಸ್, ಅನ್ನ ಸಿಗುವ ಕಡೆ ಎರಡು ಪಾಲು ಕಟ್ಟಿಸಿಕೊಳ್ಳುತ್ತಿದ್ದೆ. ಉಳಿದಂತೆ ಹುರಿಗಡಲೆ, ಕಡಲೆಬೀಜ, ಅಮ್ಮ ಮಾಡಿಕೊಟ್ಟ ಶೇಂಗಾ ಉಂಡೆ. 2022ರ ಯುಗಾದಿ ಏಪ್ರಿಲ್ 2, ಶನಿವಾರ ಬಂತು. ಶನಿವಾರ ನಮಗೆ ಒಂದೇ ದಿನ ಎರಡು ಪಂದ್ಯ. ಅಪ್ಪ ಅಮ್ಮ ಕೊಲಂಬಸ್‌ನಿಂದ ಕಾರಿನಲ್ಲಿ ಹೋಳಿಗೆ ತಂದರು. ಎರಡು ಪಂದ್ಯಗಳ ನಡುವಿನ ಅರ್ಧ ಗಂಟೆಯಲ್ಲಿ ಇಡೀ ತಂಡ ಹೋಳಿಗೆ ತಿಂದಿತು. ಮುಂದಿನ ವರ್ಷ ಫೆಬ್ರವರಿಯಿಂದಲೇ ನನ್ನ ಪಿಚ್ ಹಿಡಿಯುವ ಕ್ಯಾಚರ್ ಕೇಳತೊಡಗಿದ, ನಿಮ್ಮ ಹಬ್ಬ ಯಾವಾಗ ಅಂತ.

ಈಗ ಸೋಮವಾರಕ್ಕೆ ಬರುತ್ತೇನೆ. ವಸಂತದಲ್ಲಿ ಶನಿವಾರ ನಮ್ಮದೇ ಪಂದ್ಯ ಇರುವುದರಿಂದ ಮಿರಾಕಲ್ ಲೀಗ್‌ಗೆ ಹೋಗಲು ಆಗುತ್ತಿರಲಿಲ್ಲ. ಹಾಗಂತ ಫೆಬ್ರವರಿಯಿಂದ ಮೇ ತನಕ ಸೇವೆಗೆ ಸೊನ್ನೆ ಬರೆಯುವುದಕ್ಕೂ ಮನಸ್ಸಿಲ್ಲ. ಉಳಿದಿದ್ದು ಸೋಮವಾರ, ಇಡೀ ವಾರದ ಒಂದೇ ರಜೆ. ಊರಿನ ಎಲಿಮೆಂಟರಿ ಶಾಲೆಯಲ್ಲಿ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನಾಲ್ಕನೇ ತರಗತಿ ಮಕ್ಕಳಿಗೆ ಗಣಿತದಲ್ಲಿ ಸಹಾಯ ಬೇಕಿತ್ತು. ಅಮ್ಮನಿಗೆ ಇದು ಇಷ್ಟ ಆಗಲಿಲ್ಲ. ಅವತ್ತಾದರೂ ಮಲಗಬಾರದೇನೋ ಅಂದರು. ಅವರ ಕಾಳಜಿ ಸರಿಯಾಗೇ ಇತ್ತು. ಆದರೆ ಆ ಒಂದು ಗಂಟೆ ನನಗೆ ದಣಿವು ತರಲಿಲ್ಲ. ವಾರದಲ್ಲಿ ನನ್ನನ್ನು ಯಾರೂ ಅಳೆಯದ ಗಂಟೆ ಅದೊಂದೇ. ವೇಗ ಇಲ್ಲ, ಗ್ರೇಡ್ ಇಲ್ಲ.

ಮಕ್ಕಳಿಗೆ ಭಿನ್ನರಾಶಿ ಅಂದರೆ ಭಯ. ನನ್ನ ಕೈಯಲ್ಲಿದ್ದದ್ದು ಬೇಸ್‌ಬಾಲ್. ಪಿಚರ್ ಎಷ್ಟು ಇನ್ನಿಂಗ್ಸ್ ಎಸೆದ ಅಂತ ಬರೆಯುವ ರೀತಿ ವಿಚಿತ್ರವಾಗಿದೆ. ಒಂದು ಇನ್ನಿಂಗ್ಸ್‌ಗೆ ಮೂರು ಔಟ್. ಐದು ಇನ್ನಿಂಗ್ಸ್ ಮುಗಿಸಿ ಇನ್ನೊಂದು ಔಟ್ ತೆಗೆದರೆ 5.1 ಅಂತ ಬರೆಯುತ್ತಾರೆ, ಎರಡು ಔಟ್ ತೆಗೆದರೆ 5.2. ನೋಡುವುದಕ್ಕೆ ದಶಮಾಂಶ, ಒಳಗೆ ಮೂರನೇ ಒಂದು, ಮೂರನೇ ಎರಡು. ನನ್ನ ಶನಿವಾರದ ಸ್ಕೋರ್‌ಶೀಟ್ ತಂದು ಹರಡುತ್ತಿದ್ದೆ. 5.2ಕ್ಕೆ ಇನ್ನೊಂದು ಔಟ್ ಸೇರಿಸಿದರೆ ಎಷ್ಟು? ಎಲ್ಲರೂ 5.3 ಅಂದರು. ಹಿಂದೆ ಕೂತಿದ್ದ, ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಆರು ಅಂದಳು. ಯಾಕೆ ಅಂತ ಕೇಳಿದೆ. ಎದ್ದು ಬಂದು ಬೋರ್ಡಿನ ಮೇಲೆ ಮೂರು ಡಬ್ಬಿ ಬರೆದು ತುಂಬಿಸಿ ತೋರಿಸಿದಳು. ಅವಳ ಟೀಚರ್ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು, ಆ ಬೋರ್ಡನ್ನು ಮರುದಿನವೂ ಅಳಿಸಲಿಲ್ಲವಂತೆ. ಅಲ್ಲಿಂದ ಸೋಮವಾರ ಬಂದರೆ ಮಕ್ಕಳ ಮೊದಲ ಪ್ರಶ್ನೆ, ಈ ವಾರ ನಿನ್ನ ಇಆರ್‌ಎ ಎಷ್ಟು? ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಸರಾಸರಿ ಎಷ್ಟು ರನ್ ಕೊಟ್ಟ ಅನ್ನುವ ಅಂಕಿ ಅದು. ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದನ್ನು ಬಿಟ್ಟು, ಕೊಟ್ಟ ರನ್‌ಗಳನ್ನು ಒಂಬತ್ತರಿಂದ ಗುಣಿಸಿ, ಎಸೆದ ಇನ್ನಿಂಗ್ಸ್‌ನಿಂದ ಭಾಗಿಸಬೇಕು. 5.2ರಿಂದ ಭಾಗಿಸುವ ಮೊದಲು ಅದನ್ನು ಮೂರನೇ 17 ಅಂತ ಬದಲಿಸಿಕೊಳ್ಳಬೇಕು. ಚೆನ್ನಾಗಿ ಆಡದ ವಾರ ಆ ಲೆಕ್ಕ ದೊಡ್ಡ ಸಂಖ್ಯೆಯಲ್ಲಿ ಮುಗಿಯುತ್ತಿತ್ತು. ಮಕ್ಕಳು ಅದನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು.

ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವವರು ಸೇವೆ ಮಾಡಿರಬೇಕು ಅಂತ ಇಲ್ಲಿ ಎಲ್ಲರೂ ನಿರೀಕ್ಷಿಸುತ್ತಾರೆ. ಹಾಗಾಗಿ ಅರ್ಜಿಗಾಗಿಯೇ ಮಾಡುವವರೂ ಇದ್ದಾರೆ. ನಾನು ಅವರನ್ನು ಹಗುರವಾಗಿ ಕಾಣುವುದಿಲ್ಲ. ಶುರು ಯಾವ ಕಾರಣಕ್ಕಾದರೂ ಆಗಲಿ, ಪ್ರತಿ ವಾರ ಅದೇ ಗಂಟೆಗೆ ಅದೇ ಮಕ್ಕಳ ಮುಂದೆ ಹೋಗಿ ಕೂತರೆ ಕಾರಣ ತಾನಾಗಿ ಬದಲಾಗುತ್ತದೆ. ಚದುರಿದ ನೂರು ಗಂಟೆಗಿಂತ ಒಂದೇ ಕಡೆ ಕೊಟ್ಟ ಹತ್ತು ಗಂಟೆ ಹೆಚ್ಚು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಏಪ್ರಿಲ್ ಬಗ್ಗೆ ಹೇಳದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಓಹಾಯೋದ ಏಪ್ರಿಲ್‌ನಲ್ಲಿ ಮಳೆ ಬರುತ್ತದೆ, ಕೆಲವು ಸಲ ಹಿಮವೂ ಬೀಳುತ್ತದೆ. ರದ್ದಾದ ಪಂದ್ಯವನ್ನು ಮುಂದಿನ ವಾರಕ್ಕೆ ತುರುಕುತ್ತಾರೆ, ಕೆಲವೊಮ್ಮೆ ಒಂದು ದಿನ ಮೊದಲು ಹೇಳುತ್ತಾರೆ. ನಮ್ಮ ಗುಂಪಿನ ಕಾಲೇಜುಗಳ ನಡುವಿನ ಕಾನ್ಫರೆನ್ಸ್ ಪಂದ್ಯಗಳು, ಲ್ಯಾಬ್ ವರದಿ, ಫೈನಲ್ ಪರೀಕ್ಷೆ ಎಲ್ಲ ಒಟ್ಟಿಗೆ. ಬರೆದಿಟ್ಟ ವಾರ ಚೂರುಚೂರಾಗುತ್ತದೆ. ಆಗ ನಾನು ಮಾಡುತ್ತಿದ್ದದ್ದು ಇಷ್ಟೇ: ನಿದ್ದೆ, ಗುರುವಾರದ ಲ್ಯಾಬ್, ಸೋಮವಾರದ ಗಣಿತ, ಈ ಮೂರನ್ನು ಮುಟ್ಟದೆ ಉಳಿದದ್ದನ್ನು ಹೊಸದಾಗಿ ಜೋಡಿಸುವುದು. ವಾರದ ನಡುವಿನ ಪಂದ್ಯ ಗುರುವಾರಕ್ಕೆ ಬಿದ್ದರೆ ಕೋಚ್ ನನ್ನನ್ನು ಕಾಲೇಜಲ್ಲೇ ಬಿಟ್ಟು ಹೋಗುತ್ತಿದ್ದರು. ಶನಿವಾರದ ಪಿಚರ್‌ಗೆ ಅವತ್ತು ಹೇಗೂ ಕೆಲಸ ಇಲ್ಲ. ಎಲ್ಲ ಕೋಚ್‌ಗಳೂ ಹೀಗೆ ಮಾಡುವುದಿಲ್ಲ, ಇದು ನನ್ನ ಪುಣ್ಯ.

ದಾವಣಗೆರೆಯಿಂದ ಅಜ್ಜಿ ಭಾನುವಾರ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು. ಚೆಂಡು ಎಸೆದು ಎಸೆದು ಕೈ ಕಳ್ಕೊಂಡರೆ ನಾಳೆ ಆಪರೇಷನ್ ಹೆಂಗೆ ಮಾಡ್ತೀಯಪ್ಪಾ? ಅವರಿಗೆ ನಾನು ಬಾಬಿ ಬ್ರೌನ್ ಕಥೆ ಹೇಳಿದೆ. ನ್ಯೂಯಾರ್ಕ್ ಯಾಂಕೀಸ್‌ನಲ್ಲಿ ಥರ್ಡ್ ಬೇಸ್ ಆಡುತ್ತಲೇ ಟ್ಯುಲೇನ್ ಯೂನಿವರ್ಸಿಟಿಯಲ್ಲಿ ಮೆಡಿಸಿನ್ ಓದಿದವರು. 1950ರಲ್ಲಿ ಡಾಕ್ಟರ್ ಪದವಿ. ತಂಡದ ಜೊತೆ ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ನಾಲ್ಕು ಸಲ ಗೆದ್ದರು. 1954ರಲ್ಲಿ, ಇನ್ನೂ 29 ವರ್ಷಕ್ಕೆ, ಸೀಸನ್ ನಡುವೆಯೇ ಆಟ ಬಿಟ್ಟು ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯ ತರಬೇತಿಗೆ, ಸೇರಿದರು. ಆಮೇಲೆ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಹೃದಯದ ಡಾಕ್ಟರ್ ಆಗಿ ಬಹಳ ವರ್ಷ ದುಡಿದರು. 1984ರಲ್ಲಿ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಅಧ್ಯಕ್ಷರೂ ಆದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಅವರೂ ಕೊನೆಗೆ ಆಟ ಬಿಟ್ಟರಲ್ಲ ಅಂದರು. ಅಜ್ಜಿ ಹೇಳಿದ್ದು ನಿಜ. ಬಿಡುವ ದಿನ ಒಂದಿದೆ ಅಂತ ಬಾಬಿ ಬ್ರೌನ್‌ಗೂ ಗೊತ್ತಿತ್ತು.

ನನಗೆ ಅಂಥ ಆಯ್ಕೆ ಬಂದದ್ದು 2024ರ ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಕಾಲೇಜು ಆಟಗಾರರಿಗೆ ಬೇರೆ ಲೀಗ್‌ಗಳಿರುತ್ತವೆ. ಯಾರದೋ ಮನೆಯಲ್ಲಿ ಇರಲು ಜಾಗ ಕೊಡುತ್ತಾರೆ, ಅಲ್ಯೂಮಿನಿಯಂ ಬದಲು ಮರದ ಬ್ಯಾಟ್, ಸಂಜೆ ಪಂದ್ಯ, ಊರವರೆಲ್ಲ ಬಂದು ನೋಡುತ್ತಾರೆ. ನನಗೂ ಒಂದು ತಂಡದಿಂದ ಕರೆ ಬಂತು. ಅದೇ ಬೇಸಿಗೆ ಎಂಕ್ಯಾಟ್ ಬರೆಯಬೇಕಿತ್ತು. ಮೆಡಿಕಲ್ ಪ್ರವೇಶಕ್ಕೆ ಬೇಕಾದ ಈ ಪರೀಕ್ಷೆ ನಡುವಿನ ಬಿಡುವೆಲ್ಲ ಸೇರಿ ಏಳೂವರೆ ಗಂಟೆ ನಡೆಯುತ್ತದೆ. ಸಹಪಾಠಿಗಳು ವಸಂತದಲ್ಲೇ ಬರೆದು ಮುಗಿಸಿದ್ದರು. ವಸಂತ ನನಗೆ ಸೀಸನ್. ಹಾಗಾಗಿ ಬೇಸಿಗೆಯ ತಂಡಕ್ಕೆ ಬರುವುದಿಲ್ಲ ಅಂತ ಬರೆದು, ಆಗಸ್ಟ್‌ನಲ್ಲಿ ಪರೀಕ್ಷೆ ಬರೆದೆ. ಆ ಬೇಸಿಗೆಯ ಸಂಜೆಗಳನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಮರದ ಬ್ಯಾಟಿನ ಎದುರು ಒಂದು ಸೀಸನ್ ಎಸೆಯಬೇಕಿತ್ತು ನಾನು. ಆದರೆ ಎರಡನ್ನೂ ಹಿಡಿದುಕೊಂಡಿದ್ದರೆ ಎರಡೂ ಅರ್ಧ ಆಗುತ್ತಿದ್ದವು.

2025ರ ಮೇ ತಿಂಗಳಲ್ಲಿ ಆಟ ಮುಗಿಯಿತು. ಈಗ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸ್ಕ್ರೈಬ್ ಕೆಲಸ. ಡಾಕ್ಟರ್ ಹೇಳುವುದನ್ನು, ರೋಗಿ ಹೇಳುವುದನ್ನು ಬರೆದುಕೊಳ್ಳುತ್ತೇನೆ. ಮೆಡಿಕಲ್ ಅರ್ಜಿಗಳನ್ನು ಕಳಿಸಿದ್ದೇನೆ. ಸೋಮವಾರದ ಗಣಿತಕ್ಕೆ ತಂಡದ ಇನ್ನಿಬ್ಬರು ಹೋಗುತ್ತಿದ್ದಾರೆ. ಇಬ್ಬರೂ ಸ್ಟಾರ್ಟಿಂಗ್ ಪಿಚರ್‌ಗಳು.

ಮಕ್ಕಳನ್ನು ಕರೆದುಕೊಂಡು ಕಾಲೇಜು ನೋಡಲು ಹೋಗುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಒಂದೇ. ಮೈದಾನದ ದೀಪ, ಹೊಸ ಜಿಮ್ ನೋಡಿ ಬರಬೇಡಿ. ತಂಡದಲ್ಲಿ ವಿಜ್ಞಾನ ಓದುವ ಮೂರನೇ ವರ್ಷದ ಹುಡುಗ ಯಾರು ಅಂತ ಕೇಳಿ, ಅವನ ಜೊತೆ ಹತ್ತು ನಿಮಿಷ ಕೂರಿ. ನಿನ್ನ ಲ್ಯಾಬ್ ಯಾವ ದಿನ, ಆ ದಿನ ಪಂದ್ಯ ಬಿದ್ದರೆ ಕೋಚ್ ಏನಂತಾರೆ, ಕಳೆದ ಏಪ್ರಿಲ್‌ನಲ್ಲಿ ಎಷ್ಟು ಹೊತ್ತಿಗೆ ಮಲಗುತ್ತಿದ್ದೆ ಅಂತ ಕೇಳಿ. ಅಂಥ ಹುಡುಗ ತಂಡದಲ್ಲಿ ಒಬ್ಬನೂ ಇಲ್ಲದಿದ್ದರೆ, ಯಾಕಿಲ್ಲ ಅಂತ ಕೋಚ್‌ರನ್ನೇ ಕೇಳಿ.